ಕಾಲಿನ್ ಮೆಕೆಂಜಿ

ಕಾಲಿನ್ ಮೆಕೆಂಜಿ (೧೭೫೪ – ೮ ಮೇ ೧೮೨೧) ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ಎಂಜಿನಿಯರ್ ಆಗಿ ದುಡಿದ ಭೂಮಾಪಕ, ನಕ್ಷೆಗಾರ ಮತ್ತು ಹಸ್ತಪ್ರತಿ ಸಂಗ್ರಾಹಕ. ನಾಲ್ಕನೆಯ ಮೈಸೂರು ಯುದ್ಧದ ನಂತರ ಇಡೀ ಮೈಸೂರು ಸಂಸ್ಥಾನವನ್ನು ಅಳೆದು ನಕ್ಷೆ ಮಾಡಿದ ಮೈಸೂರು ಸರ್ವೆಯ ಮುಖ್ಯಸ್ಥ ಈತನೇ. ೧೮೧೫ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡ. ದಕ್ಷಿಣ ಭಾರತದ ಕೈಫಿಯತ್ತುಗಳು, ಶಾಸನಗಳ ಪ್ರತಿಗಳು, ತಾಳೆಗರಿ ಗ್ರಂಥಗಳು ಮತ್ತು ನಾಣ್ಯಗಳನ್ನು ಒಳಗೊಂಡ ಮೆಕೆಂಜಿ ಸಂಗ್ರಹ ಇಂದಿಗೂ ಕರ್ನಾಟಕದ ಇತಿಹಾಸಕ್ಕೆ ದೊಡ್ಡ ಆಕರ. ಕನ್ನಡ ಓದುಗರಿಗೆ ಮೆಕೆಂಜಿಯ ಹೆಸರು ಹೆಚ್ಚಾಗಿ ಪರಿಚಿತವಾಗಿರುವುದು ಈ ಕೈಫಿಯತ್ತುಗಳ ಮೂಲಕ. ಆದರೆ ಅವು ಹುಟ್ಟಿದ್ದು ನೆಲವನ್ನು ಅಳೆಯುವ ಕೆಲಸದ ಜೊತೆಜೊತೆಗೆ ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

ಆರಂಭಿಕ ಜೀವನ

ಮೆಕೆಂಜಿ ಹುಟ್ಟಿದ್ದು ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರು ಪಟ್ಟಣದಲ್ಲಿ. ತಂದೆ ಮರ್ಡೊಕ್ ಮೆಕೆಂಜಿ ವ್ಯಾಪಾರಿ. ಆ ಊರಿನ ಅಂಚೆ ಅಧಿಕಾರಿಯೂ ಆಗಿದ್ದ. ಯೌವನದಲ್ಲಿ ಕಾಲಿನ್ ಅದೇ ಬಂದರಿನ ಸುಂಕದ ಕಚೇರಿಯಲ್ಲಿ ಕೆಲಸ ಮಾಡಿದ. ಗಣಿತದಲ್ಲಿ ಒಲವಿದ್ದ ಈತನಿಗೆ, ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್‌ನ ಜೀವನ ಚರಿತ್ರೆಯನ್ನು ಬರೆಯಲು ಸಿದ್ಧತೆ ನಡೆಸಿದ್ದ ನೇಪಿಯರ್ ವಂಶಸ್ಥರ ಪರಿಚಯವಾಯಿತು. ಹಿಂದೂ ಗಣಿತದ ಬಗ್ಗೆ ಮಾಹಿತಿ ಕಲೆಹಾಕುವ ಆಸೆ ಹುಟ್ಟಿದ್ದು ಆ ಸಂಪರ್ಕದಿಂದಲೇ ಎನ್ನುತ್ತಾರೆ.

೧೭೮೩ರಲ್ಲಿ, ಇಪ್ಪತ್ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, ಕಂಪನಿಯ ಸೇನೆಗೆ ಸೇರಿ ಮದರಾಸಿಗೆ ಬಂದಿಳಿದ. ಆಗಿನ ಕಾಲಕ್ಕೆ ಸೇನೆ ಸೇರಲು ಇದು ತಡವಾದ ವಯಸ್ಸು. ಮೊದಲು ಕಾಲಾಳು ಪಡೆಯಲ್ಲಿದ್ದು, ೧೭೮೬ರಲ್ಲಿ ಎಂಜಿನಿಯರುಗಳ ವಿಭಾಗಕ್ಕೆ ವರ್ಗವಾದ. ಆ ಬಳಿಕ ಮೂವತ್ತೆಂಟು ವರ್ಷ ಏಷ್ಯದಲ್ಲಿಯೇ ಕಳೆದ ಮೆಕೆಂಜಿ ಒಮ್ಮೆಯೂ ತಾಯ್ನಾಡಿಗೆ ಮರಳಲಿಲ್ಲ.

ಯುದ್ಧಗಳ ನಡುವೆ

ಕೊಯಮತ್ತೂರು, ದಿಂಡಿಗಲ್, ನೆಲ್ಲೂರು ಮತ್ತು ಗುಂಟೂರು ಸೀಮೆಗಳಲ್ಲಿ ಮೆಕೆಂಜಿ ಮೊದಲ ವರ್ಷಗಳನ್ನು ಕಳೆದ. ೧೭೯೦ರಿಂದ ೧೭೯೨ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಪಾಲ್ಗೊಂಡ. ಯುದ್ಧ ಮುಗಿದ ಮೇಲೆ ಹೈದರಾಬಾದಿನ ನಿಜಾಮನ ಸೀಮೆಯ ಭೂಗೋಳವನ್ನು ಪರಿಶೀಲಿಸುವ ಹೊಣೆ ಸಿಕ್ಕಿತು. ನಡುನಡುವೆ ೧೭೯೩ರ ಪುದುಚೇರಿ ಮುತ್ತಿಗೆಗೂ ೧೭೯೬ರ ಸಿಲೋನ್ ದಂಡಯಾತ್ರೆಗೂ ಹೋಗಿಬರಬೇಕಾಯಿತು.

ಈ ಯುದ್ಧಗಳು ಕಂಪನಿಗೆ ಒಂದು ಕಹಿ ಪಾಠವನ್ನು ಕಲಿಸಿದ್ದವು. ೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಸಮೀಪದ ಅರಕೆರೆಯವರೆಗೆ ಬಂದು ಗೆದ್ದರೂ, ಮೇವು ಮತ್ತು ದವಸ ಸಿಗದೆ, ಮಳೆಗೆ ಸಿಕ್ಕಿ, ಎತ್ತುಗಳು ಸಾಲುಸಾಲಾಗಿ ಸತ್ತು, ಮುತ್ತಿಗೆಯ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಮ್ಮೆಟ್ಟಿದ. ಯಾವ ದಾರಿಯಲ್ಲಿ ನೀರುಂಟು, ಯಾವ ಹೊಳೆಯನ್ನು ಯಾವ ತಿಂಗಳಲ್ಲಿ ದಾಟಬಹುದು, ಯಾವ ಊರಿನ ಕೆರೆ ತುಂಬಿದೆ ಎಂಬ ತಿಳಿವಳಿಕೆ ಸೇನೆಗೆ ಮದ್ದುಗುಂಡಿನಷ್ಟೇ ಅಗತ್ಯವಾಗಿತ್ತು.

ನಾಲ್ಕನೆಯ ಯುದ್ಧದಲ್ಲಿ ಜನರಲ್ ಹ್ಯಾರಿಸ್‌ನ ಸೇನೆ ದಕ್ಷಿಣದ ಕನಕಪುರದ ದಾರಿ ಹಿಡಿದು ಬಂತು. ೧೭೯೯ರ ಮಾರ್ಚ್ ೨೭ರಂದು ಮಳವಳ್ಳಿಯಲ್ಲಿ ಟಿಪ್ಪು ಸುಲ್ತಾನನ ಪಡೆಗೂ ಹ್ಯಾರಿಸ್‌ನ ಸೇನೆಗೂ ಯುದ್ಧ ನಡೆಯಿತು. ಮೆಕೆಂಜಿ ಎಂಜಿನಿಯರ್ ಆಗಿದ್ದ ನಿಜಾಮನ ಪಡೆಯೂ ಆ ಸೇನೆಯೊಡನಿತ್ತು. ಯುದ್ಧದ ಬಳಿಕ ಸೇನೆ ನೇರವಾಗಿ ಪಶ್ಚಿಮಕ್ಕೆ ಸಾಗದೆ ಸೋಸಲೆಯ ಬಳಿ ಕಾವೇರಿಯನ್ನು ದಾಟಿ, ಇನ್ನೂ ಮೇವು ಉಳಿದಿದ್ದ ದಕ್ಷಿಣ ದಂಡೆಯಿಂದ ಶ್ರೀರಂಗಪಟ್ಟಣವನ್ನು ತಲುಪಿತು. ಮೇ ೪ರಂದು ಕೋಟೆ ಬಿತ್ತು, ಟಿಪ್ಪು ಹತನಾದ.

ಮೈಸೂರು ಸರ್ವೆ

ಟಿಪ್ಪುವಿನ ರಾಜ್ಯವನ್ನು ಕಂಪನಿ ಮತ್ತು ನಿಜಾಮ ಹಂಚಿಕೊಂಡು, ಉಳಿದ ಭಾಗವನ್ನು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ವಹಿಸಲಾಯಿತು. ಪೂರ್ಣಯ್ಯ ದಿವಾನರಾದರು. ಈ ಹಂಚಿಕೆ ನಡೆದದ್ದು ನಕ್ಷೆಯನ್ನು ಮುಂದಿಟ್ಟುಕೊಂಡಲ್ಲ, ಕಂದಾಯದ ಪಟ್ಟಿಗಳನ್ನು ಮುಂದಿಟ್ಟುಕೊಂಡು. ಇಂತಿಂಥ ತಾಲ್ಲೂಕು ಇಷ್ಟಿಷ್ಟು ಹಣದ ಉತ್ಪತ್ತಿಯದು ಎಂದು ಲೆಕ್ಕ ಹಾಕಿ ಪಾಲು ಮಾಡಲಾಯಿತು. ಒಂದು ತಾಲ್ಲೂಕು ನೆಲದ ಮೇಲೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಆ ಪಟ್ಟಿಗಳು ಹೇಳುತ್ತಿರಲಿಲ್ಲ. ಆ ಗೆರೆಯನ್ನು ಹುಡುಕುವುದೇ ಮೆಕೆಂಜಿಗೆ ಬಂದ ಮೊದಲ ಕೆಲಸ.

ಗವರ್ನರ್ ಜನರಲ್ ವೆಲ್ಲೆಸ್ಲಿ ಅದೇ ಹೊತ್ತಿಗೆ ಮೈಸೂರಿನ ಬಗ್ಗೆ ಮೂರು ಬೇರೆ ಬೇರೆ ಕಾರ್ಯಗಳಿಗೆ ಒಪ್ಪಿಗೆ ಕೊಟ್ಟ. ವೈದ್ಯ ಫ್ರಾನ್ಸಿಸ್ ಬುಕಾನನ್ ೧೮೦೦ರಲ್ಲಿ ಮದ್ದೂರು, ಮಂಡ್ಯಗಳ ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಪ್ರಯಾಣ ಮಾಡಿ ಬೇಸಾಯ ಮತ್ತು ಕಸುಬುಗಳನ್ನು ದಾಖಲಿಸಿದ. ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರ ರೇಖೆಯನ್ನು ಅಳೆದು, ಮುಂದೆ ಮಹಾ ತ್ರಿಕೋನಮಿತಿ ಸರ್ವೆ ಎಂದು ಹೆಸರಾದ ಕೆಲಸಕ್ಕೆ ಕೈಹಾಕಿದ. ಲ್ಯಾಂಬ್ಟನ್‌ನ ಗಮನ ಭೂಮಿಯ ಆಕಾರದ ಮೇಲೆ, ಬುಕಾನನ್‌ನದು ಬೆಳೆಯ ಮೇಲೆ. ಮೆಕೆಂಜಿಗೆ ಒಪ್ಪಿಸಿದ್ದು ಇವೆರಡರ ನಡುವಣ ನೆಲ: ಗಡಿ, ಊರು, ಹೊಳೆ, ಕೆರೆ, ದಾರಿ, ಕೋಟೆ, ಕಾಡು.

ಕೆಲಸದ ವಿಧಾನ ಹೀಗಿತ್ತು. ಸಮತಟ್ಟಾದ ಒಂದು ಜಾಗದಲ್ಲಿ ಸರಪಳಿಯಿಂದ ಆಧಾರ ರೇಖೆಯನ್ನು ಬಹಳ ಎಚ್ಚರದಿಂದ ಅಳೆಯುವುದು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ಥಿಯೋಡಲೈಟ್ ಮೂಲಕ ನೋಡಿ ಕೋನಗಳನ್ನು ಗುರುತಿಸುವುದು. ತ್ರಿಕೋನದ ಒಂದು ಭುಜ ಮತ್ತು ಎರಡು ಕೋನ ತಿಳಿದರೆ ಉಳಿದ ಎರಡು ಭುಜಗಳನ್ನು ನಡೆದು ಅಳೆಯಬೇಕಿಲ್ಲ, ಲೆಕ್ಕದಿಂದಲೇ ಪಡೆಯಬಹುದು. ಹೀಗೆ ಸಿಕ್ಕ ಹೊಸ ಭುಜವೇ ಮುಂದಿನ ತ್ರಿಕೋನಕ್ಕೆ ಆಧಾರ. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳ ಬಲೆ ಹರಡಿದ ಮೇಲೆ, ಒಳಗಿನ ವಿವರಗಳನ್ನು ಪ್ಲೇನ್ ಟೇಬಲ್ ಹೊತ್ತು ತಿರುಗುವ ಸಹಾಯಕರು ತುಂಬುತ್ತಿದ್ದರು. ಇವರಲ್ಲಿ ಹಲವರು ಮದರಾಸು ವೀಕ್ಷಣಾಲಯದ ಸರ್ವೆ ಶಾಲೆಯಲ್ಲಿ ಕಲಿತ ಹದಿಹರೆಯದ ಹುಡುಗರು.

ಮೆಕೆಂಜಿಯ ಯೋಜನೆ ಇಷ್ಟಕ್ಕೇ ನಿಲ್ಲಲಿಲ್ಲ. ನಕ್ಷೆಯ ಜೊತೆಗೆ ಪ್ರತಿ ಪರಗಣೆಗೂ ಒಂದು ವಿವರಣ ಗ್ರಂಥವಿರಬೇಕೆಂಬುದು ಈತನ ಪಟ್ಟು. ಅದರಲ್ಲಿ ಹಳ್ಳಿಗಳ ಪಟ್ಟಿ, ಮನೆಗಳ ಎಣಿಕೆ, ಕೆರೆ ಬಾವಿಗಳು, ಮಣ್ಣು, ಬೆಳೆ, ದಾರಿಗಳ ದೂರ, ಹಾಳುಬಿದ್ದ ಕೋಟೆಗಳು, ಸ್ಥಳದ ಚರಿತ್ರೆ ಎಲ್ಲವೂ ಸೇರಬೇಕಿತ್ತು. ಅಂದಿನ ಸೇನಾ ನಕ್ಷೆಗಳಲ್ಲಿ ದಾರಿಯ ಇಕ್ಕೆಲದ ಊರುಗಳಷ್ಟೇ ಇರುತ್ತಿದ್ದವು. ದಾರಿ ಬಿಟ್ಟ ನಾಡು ಖಾಲಿ ಹಾಳೆ. ಆ ಖಾಲಿಯನ್ನು ತುಂಬಲು ಹೊರಟದ್ದರಿಂದಲೇ ಮೈಸೂರು ಸರ್ವೆಗೆ ಇಷ್ಟು ವರ್ಷ ಹಿಡಿಯಿತು.

ಅಡ್ಡಿಗಳೂ ಕಡಿಮೆಯಿರಲಿಲ್ಲ. ಊರಿನ ಗೌಡರು, ಶಾನುಭೋಗರ ಕಣ್ಣಿಗೆ ಸರಪಳಿ ಹಿಡಿದು ಬಂದವರು ಹೊಸ ಕಂದಾಯದ ಮುನ್ಸೂಚನೆಯಂತೆ ಕಾಣುವುದು ಸಹಜ. ಮನೆ ಎಷ್ಟು, ಕೆರೆ ಎಷ್ಟು ಎಂದು ಕೇಳುವವನಿಗೆ ಸರಿಯಾದ ಉತ್ತರ ಕೊಟ್ಟು ಕೆಟ್ಟವರ ಅನುಭವ ಹಳ್ಳಿಗಳಿಗೆ ಮೊದಲೇ ಇತ್ತು. ಇನ್ನೊಂದೆಡೆ ಲಂಡನ್ನಿನ ನಿರ್ದೇಶಕ ಮಂಡಲಿ ಖರ್ಚು ಹೆಚ್ಚಾಯಿತೆಂದು ಸಿಬ್ಬಂದಿ ಮತ್ತು ಭತ್ಯೆಗಳಿಗೆ ಕತ್ತರಿ ಹಾಕಿತು. ಮಲೆನಾಡಿನ ಅಂಚಿನಲ್ಲೂ ಗಡಿಯ ಕಾಡುಗಳಲ್ಲೂ ಜ್ವರ ಕಾಡಿತು. ಮೆಕೆಂಜಿಯೂ ಮತ್ತೆ ಮತ್ತೆ ಹಾಸಿಗೆ ಹಿಡಿದ. ನಂಬಿದ್ದ ಸಹಾಯಕ ಜಾನ್ ಮ್ಯಾಥರ್ ಆರೋಗ್ಯ ಕೆಟ್ಟು ಕೆಲಸ ಬಿಡಬೇಕಾಯಿತು. ಇನ್ನೊಬ್ಬ ಸಹಾಯಕ ಜಾನ್ ವಾರನ್ ಪೂರ್ವದ ಗಡಿಯಲ್ಲಿದ್ದಾಗ ಕೋಲಾರ ಸೀಮೆಯ ಚಿನ್ನದ ಸುದ್ದಿ ಕೇಳಿ ಅದನ್ನು ಪರೀಕ್ಷಿಸಿದ್ದು ಈ ಸರ್ವೆಯ ಒಂದು ಅನಿರೀಕ್ಷಿತ ಫಲ.

ಸುಮಾರು ೧೮೦೮ರ ವೇಳೆಗೆ ಹೆಚ್ಚುಕಡಿಮೆ ೪೦,೦೦೦ ಚದರ ಮೈಲಿ ವಿಸ್ತಾರದ ನೆಲದ ಕೆಲಸ ಮುಗಿದು, ಏಳು ಸಂಪುಟಗಳ ವಿವರಣೆ, ಬಿಡಿ ನಕ್ಷೆಗಳು ಮತ್ತು ಸಂಸ್ಥಾನದ ಒಟ್ಟು ನಕ್ಷೆ ಸಿದ್ಧವಾದವು. ವೆಚ್ಚದ ಬಗ್ಗೆ ಗೊಣಗಿದ್ದ ನಿರ್ದೇಶಕ ಮಂಡಲಿಯೇ ಕಡೆಗೆ ಕೆಲಸವನ್ನು ಮೆಚ್ಚಿ ಬಹುಮಾನ ನೀಡಿತು.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆ

ಮೆಕೆಂಜಿಯ ಕಾಲದಲ್ಲಿ ಮಂಡ್ಯ ಜಿಲ್ಲೆ ಎಂಬುದಿರಲಿಲ್ಲ. ಮೈಸೂರು ಜಿಲ್ಲೆಯಿಂದ ಅದು ಬೇರೆಯಾದದ್ದು ೧೯೩೯ರಲ್ಲಿ. ಆದರೆ ಶ್ರೀರಂಗಪಟ್ಟಣಕ್ಕೆ ಬರುವ ಎರಡು ಮುಖ್ಯ ದಾರಿಗಳು ಈ ಸೀಮೆಯನ್ನು ಹಾದುಹೋಗುತ್ತಿದ್ದವು. ಒಂದು ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೂಲಕ; ಇನ್ನೊಂದು ಕನಕಪುರ, ಮಳವಳ್ಳಿಗಳ ಮೂಲಕ. ಹೀಗಾಗಿ ಹತ್ತು ವರ್ಷಗಳ ಅಂತರದಲ್ಲಿ ನಡೆದ ಎರಡು ಯುದ್ಧಗಳ ಪೆಟ್ಟನ್ನು ಈ ಭಾಗ ನೇರವಾಗಿ ತಿಂದಿತು. ಮಳವಳ್ಳಿ ಊರೇ ೧೭೯೯ರಲ್ಲಿ ಹಾಳಾಯಿತು.

ಸ್ವಲ್ಪ ಏರಿಳಿತದ ಕೆಂಪುಮಣ್ಣಿನ ಈ ಪ್ರಸ್ಥಭೂಮಿ ಕೆರೆಗಳನ್ನು ನಂಬಿ ಬದುಕಿದ ನಾಡು. ತುಮಕೂರು ಸೀಮೆಯ ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿ ಮದ್ದೂರನ್ನು ಹಾದು, ಮಳವಳ್ಳಿ ತಾಲ್ಲೂಕಿನಲ್ಲಿ ಹರಿದು, ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಕೂಡುತ್ತದೆ. ಕಾವೇರಿಯಿಂದ ತೋಡಿದ ಚಿಕ್ಕದೇವರಾಯಸಾಗರ ಮತ್ತು ವಿರಿಜಾ ನಾಲೆಗಳ ನೀರು ನದಿಯ ಪಕ್ಕದ ಊರುಗಳಿಗಷ್ಟೇ ತಲುಪುತ್ತಿತ್ತು. ಮೇಲಿನ ದಿಣ್ಣೆಗಳಿಗೆ ಮಳೆಯ ನೀರೇ ಗತಿ. ಒಂದು ಕೆರೆಯ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ. ಈ ಸರಪಣಿಯೇ ಇಲ್ಲಿನ ಬಲವೂ ಹೌದು, ಅಪಾಯವೂ ಹೌದು. ಮೇಲಿನ ಕೆರೆಯ ಏರಿ ಒಡೆದರೆ ಒಂದೇ ರಾತ್ರಿಯಲ್ಲಿ ಕೆಳಗಿನ ಸಾಲು ಕೆರೆಗಳೂ ಗದ್ದೆಗಳೂ ಕೊಚ್ಚಿಹೋಗುವ ಭಯ. ತುಂಬದೆ ಉಳಿದರೆ ಬರದ ಭಯ. ಊರು ಬಿಟ್ಟು ಜನ ಚದುರಿದಾಗ ಏರಿಗೆ ಮಣ್ಣು ಹಾಕುವವರಿಲ್ಲದೆ, ಹೂಳು ತೆಗೆಯುವವರಿಲ್ಲದೆ ಕೆರೆಗಳು ತಾವೇ ಸಾಯುತ್ತವೆ. ಸರ್ವೆಯ ಪಟ್ಟಿಗಳಲ್ಲಿ ಕೆರೆಗಳಿಗೂ ಹಾಳೂರುಗಳಿಗೂ ಸ್ಥಾನ ಸಿಕ್ಕಿದ್ದು ಈ ಹಿನ್ನೆಲೆಯಲ್ಲಿ ಮುಖ್ಯವಾಗುತ್ತದೆ.

ಕನ್ನಂಬಾಡಿ ಕಟ್ಟೆಯ ಕೆಲಸ ೧೯೧೧ರಲ್ಲಿ ಆರಂಭವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾದ ಇರ್ವಿನ್ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದ ಮೇಲೆ ಈ ನೆಲದ ಚಹರೆಯೇ ಬದಲಾಯಿತು. ರಾಗಿಯ ಹೊಲಗಳ ಜಾಗಕ್ಕೆ ಕಬ್ಬು, ಭತ್ತ ಬಂದವು. ಇಂದು ಕಬ್ಬಿನ ನಾಡೆಂದು ಹೆಸರಾದ ಮಂಡ್ಯ ಹಿಂದೆ ಹೇಗಿತ್ತು ಎಂದು ಕೇಳುವವರಿಗೆ ಮೆಕೆಂಜಿ ಮತ್ತು ಬುಕಾನನ್ ಇಬ್ಬರ ದಾಖಲೆಗಳು ನಾಲೆಯ ಹಿಂದಿನ ಒಂದು ಕಾಲಘಟ್ಟವನ್ನು ತೋರಿಸುತ್ತವೆ.

ದೇಶೀಯ ಸಹಾಯಕರು

ಮೆಕೆಂಜಿಗೆ ದಕ್ಷಿಣ ಭಾರತದ ಭಾಷೆಗಳು ಬರುತ್ತಿರಲಿಲ್ಲ. ಇದನ್ನು ಈತ ಮುಚ್ಚಿಡಲೂ ಇಲ್ಲ. ಮೆಕೆಂಜಿ ಸಂಗ್ರಹ ಎಂದು ಕರೆಯುವುದರ ಬಹುಪಾಲು ಕೆಲಸ ಮಾಡಿದವರು ದೇಶೀಯ ವಿದ್ವಾಂಸರು. ತೆಲುಗು ನಾಡಿನ ಕಾವಲಿ ಸಹೋದರರಲ್ಲಿ ಹಿರಿಯನಾದ ವೆಂಕಟ ಬೋರಯ್ಯ ಹಲವು ಭಾಷೆಗಳನ್ನು ಬಲ್ಲವನಾಗಿದ್ದು, ಹಳ್ಳಿಗಳ ಜನರ ಅನುಮಾನವನ್ನು ಕರಗಿಸಿ ದಾಖಲೆ ಪಡೆಯುವುದರಲ್ಲಿ ನಿಪುಣನಾಗಿದ್ದ. ೧೮೦೩ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಆ ಸ್ಥಾನಕ್ಕೆ ತಮ್ಮ ವೆಂಕಟ ಲಕ್ಷ್ಮಯ್ಯ ಬಂದು ಮೆಕೆಂಜಿಯ ಕೊನೆಯವರೆಗೂ ಜೊತೆಗಿದ್ದ. ಹಳಗನ್ನಡ ಶಾಸನಗಳನ್ನು ಓದುವ ಕೆಲಸದಲ್ಲಿ ಜೈನ ಪಂಡಿತ ಧರ್ಮಯ್ಯನ ನೆರವು ದೊಡ್ಡದು.

ಚಾಮರಾಜನಗರ ಸೀಮೆಯ ಮಲೆಯೂರಿನ ಕನಕಗಿರಿಯಲ್ಲಿದ್ದ ಜೈನ ವಿದ್ವಾಂಸ ದೇವಚಂದ್ರ ೧೮೦೪ರಲ್ಲಿ ಮೆಕೆಂಜಿಯ ಸಂಪರ್ಕಕ್ಕೆ ಬಂದು ಸ್ಥಳೀಯ ಚರಿತ್ರೆಯ ವಿಷಯಗಳನ್ನು ಒದಗಿಸಿದ. ದೇವಚಂದ್ರ ಮುಂದೆ ರಚಿಸಿದ ರಾಜಾವಳಿ ಕಥೆ ಕನ್ನಡ ಸಾಹಿತ್ಯ ಚರಿತ್ರೆಕಾರರು ಮತ್ತೆ ಮತ್ತೆ ಆಶ್ರಯಿಸುವ ಗದ್ಯ ಗ್ರಂಥ. ಭೂಮಾಪನದ ಒಂದು ಶಿಬಿರಕ್ಕೂ ಕನ್ನಡದ ಒಂದು ಕೃತಿಗೂ ಹೀಗೆ ನಂಟು ಬೆಳೆಯಿತು.

ಸಹಾಯಕರು ಊರೂರು ತಿರುಗಿ ಶಾನುಭೋಗರ ಕಡತ, ಮಠಗಳ ದಾಖಲೆ, ದೇವಾಲಯಗಳ ಸ್ಥಳಪುರಾಣ, ವೃದ್ಧರ ಹೇಳಿಕೆಗಳನ್ನು ಕೂಡಿಸಿ ಬರೆಸಿದ ವರದಿಗಳೇ ಕೈಫಿಯತ್ತುಗಳು. ಅವುಗಳಲ್ಲಿ ಪುರಾಣವೂ ಚರಿತ್ರೆಯೂ ಬೆರೆತಿರುವುದರಿಂದ ಎಚ್ಚರದಿಂದ ಬಳಸಬೇಕಾಗುತ್ತದೆ. ಆದರೂ ಯಾವ ಊರನ್ನು ಯಾರು ಕಟ್ಟಿಸಿದರು, ಯಾವ ಕೆರೆ ಯಾವಾಗ ಒಡೆಯಿತು, ಯಾವ ಪಾಳೆಯಗಾರ ಯಾರಿಗೆ ಕಪ್ಪ ಕೊಟ್ಟ ಎಂಬಂಥ ಸಂಗತಿಗಳಿಗೆ ಬೇರೆ ಆಕರ ಸಿಗುವುದು ಅಪರೂಪ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ.

ನಂತರದ ಜೀವನ

೧೮೧೦ರಲ್ಲಿ ಮೆಕೆಂಜಿ ಮದರಾಸಿನ ಸರ್ವೇಯರ್ ಜನರಲ್ ಆದ. ಮರುವರ್ಷ ಜಾವಾ ದ್ವೀಪದ ದಂಡಯಾತ್ರೆಗೆ ಹೋಗಿ ಸುಮಾರು ಎರಡು ವರ್ಷ ಅಲ್ಲಿದ್ದು, ಅಲ್ಲಿನ ಪ್ರಾಚೀನ ಅವಶೇಷಗಳನ್ನೂ ಡಚ್ ದಾಖಲೆಗಳನ್ನೂ ಪರಿಶೀಲಿಸಿದ. ಅಲ್ಲಿಯೇ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬಾಕೆಯನ್ನು ಮದುವೆಯಾದ. ೧೮೧೫ರಲ್ಲಿ ಮೂರು ಪ್ರಾಂತಗಳ ಸರ್ವೆ ಕಚೇರಿಗಳನ್ನು ಒಂದುಗೂಡಿಸಿ ಭಾರತದ ಸರ್ವೇಯರ್ ಜನರಲ್ ಹುದ್ದೆಯನ್ನು ಸೃಷ್ಟಿಸಿದಾಗ ಅದು ಮೆಕೆಂಜಿಗೆ ದೊರೆಯಿತು. ೧೮೧೬ರಲ್ಲಿ ಅಮರಾವತಿಯ ಬೌದ್ಧ ಸ್ತೂಪಕ್ಕೆ ಎರಡನೆಯ ಬಾರಿ ಭೇಟಿ ಕೊಟ್ಟು ಶಿಲ್ಪಗಳ ಚಿತ್ರ ಬರೆಸಿದ; ಮುಂದೆ ಆ ಸ್ತೂಪ ಬಹುಮಟ್ಟಿಗೆ ನಾಶವಾದ್ದರಿಂದ ಈ ಚಿತ್ರಗಳ ಬೆಲೆ ಹೆಚ್ಚಿದೆ. ೧೮೧೭ರಲ್ಲಿ ಕಲ್ಕತ್ತಕ್ಕೆ ಹೋದ. ಸಂಗ್ರಹವನ್ನು ವಿಂಗಡಿಸಿ ಗ್ರಂಥರೂಪಕ್ಕೆ ತರುವ ಆಸೆ ಈಡೇರಲಿಲ್ಲ. ೧೮೨೧ರ ಮೇ ೮ರಂದು ಹವಾ ಬದಲಾವಣೆಗಾಗಿ ಹೂಗ್ಲಿ ನದಿಯಲ್ಲಿ ಪ್ರಯಾಣ ಮಾಡುತ್ತಿದ್ದಾಗ ತೀರಿಕೊಂಡ. ಸಮಾಧಿ ಕಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ.

ಮೆಕೆಂಜಿ ಸಂಗ್ರಹ

ಸಾಯುವ ಹೊತ್ತಿಗೆ ಸಂಗ್ರಹದಲ್ಲಿ ೧,೫೦೦ಕ್ಕೂ ಹೆಚ್ಚು ಸಾಹಿತ್ಯ ಹಸ್ತಪ್ರತಿಗಳು, ೨,೦೦೦ಕ್ಕೂ ಹೆಚ್ಚು ಸ್ಥಳ ವೃತ್ತಾಂತಗಳು, ೮,೦೦೦ಕ್ಕೂ ಹೆಚ್ಚು ಶಾಸನ ಪ್ರತಿಗಳು, ೬,೦೦೦ಕ್ಕೂ ಹೆಚ್ಚು ನಾಣ್ಯಗಳು ಇದ್ದವು. ಕಂಪನಿ ಇದನ್ನು ಮೆಕೆಂಜಿಯ ಪತ್ನಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಎಚ್. ಎಚ್. ವಿಲ್ಸನ್ ಸಿದ್ಧಪಡಿಸಿದ ವಿವರಣಾತ್ಮಕ ಸೂಚಿ ೧೮೨೮ರಲ್ಲಿ ಪ್ರಕಟವಾಯಿತು. ಆ ಬಳಿಕ ಸಂಗ್ರಹ ಲಂಡನ್, ಕಲ್ಕತ್ತ, ಮದರಾಸುಗಳಲ್ಲಿ ಹರಿದು ಹಂಚಿಹೋಯಿತು. ದಕ್ಷಿಣದ ಭಾಷೆಗಳ ಹಸ್ತಪ್ರತಿಗಳು ಈಗ ಮುಖ್ಯವಾಗಿ ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ.

ನಿಂತುಹೋದ ಕೆಲಸವನ್ನು ಮುಂದುವರಿಸಲು ಅವಕಾಶ ಕೊಡಬೇಕೆಂದು ಲಕ್ಷ್ಮಯ್ಯ ಕೋರಿದ. ಎರಡು ದಶಕಗಳ ಅನುಭವ ಅವನಷ್ಟು ಇದ್ದವರು ಬೇರೊಬ್ಬರಿರಲಿಲ್ಲ. ಬಂಗಾಳದ ಏಷ್ಯಾಟಿಕ್ ಸೊಸೈಟಿ ಆ ಕೋರಿಕೆಯನ್ನು ಒಪ್ಪಲಿಲ್ಲ. ಇಂಥ ಕಾರ್ಯದ ಮುಖ್ಯಸ್ಥನಾಗಲು ದೇಶೀಯನೊಬ್ಬ ತಕ್ಕವನಲ್ಲ ಎಂಬುದು ಅಲ್ಲಿನ ನಿಲುವು. ಸಂಗ್ರಹದಲ್ಲಿದ್ದ ಎಷ್ಟೋ ಕಾಗದಗಳ ಹಿನ್ನೆಲೆ ಲಕ್ಷ್ಮಯ್ಯನೊಡನೆಯೇ ಮರೆಯಾಯಿತು.

ನಕ್ಷೆಯಿಂದ ಉಪಗ್ರಹ ಚಿತ್ರಕ್ಕೆ

ಮೆಕೆಂಜಿ ಮುಖ್ಯಸ್ಥನಾಗಿದ್ದ ಇಲಾಖೆಯೇ ಇಂದಿನ ಸರ್ವೆ ಆಫ್ ಇಂಡಿಯಾ. ಅದರ ಸ್ಥಳ ನಕ್ಷೆಗಳಲ್ಲಿ ಮಂಡ್ಯ ಪಟ್ಟಣ ೫೭ ಡಿ ಹಾಳೆಯಲ್ಲೂ ಮದ್ದೂರು, ಮಳವಳ್ಳಿಗಳು ೫೭ ಎಚ್ ಹಾಳೆಯಲ್ಲೂ ಬರುತ್ತವೆ. ಎರಡನ್ನೂ ಬೇರ್ಪಡಿಸುವುದು ೭೭ ಡಿಗ್ರಿ ಪೂರ್ವ ರೇಖಾಂಶ. ೧೯೮೮ರ ಮಾರ್ಚ್ ೧೭ರಂದು ಭಾರತದ ಮೊದಲ ಕಾರ್ಯಾಚರಣೆಯ ದೂರಸಂವೇದಿ ಉಪಗ್ರಹ ಐಆರ್‌ಎಸ್-೧ಎ ಕಕ್ಷೆ ಸೇರಿದ ಮೇಲೆ ನೆಲವನ್ನು ಓದುವ ಇನ್ನೊಂದು ಬಗೆ ತೆರೆದುಕೊಂಡಿತು. ಅದರ ಒಂದು ಕ್ಯಾಮೆರಾದ ಚಿತ್ರದಲ್ಲಿ ಒಂದು ಚುಕ್ಕಿ ನೆಲದ ಮೇಲಿನ ೭೨.೫ ಮೀಟರಿಗೆ ಸಮ. ಸಣ್ಣ ಕಟ್ಟೆಯೊಂದು ಕೆಲವೇ ಚುಕ್ಕಿಗಳಲ್ಲಿ ಮುಗಿಯುತ್ತಿತ್ತು. ನಂತರದ ಉಪಗ್ರಹಗಳು ಇದಕ್ಕಿಂತ ಬಹಳ ಸೂಕ್ಷ್ಮವಾಗಿ ನೋಡುತ್ತವೆ. ಅವಗೆಂಪು ಕಿರಣವನ್ನು ಬಳಸಿದ ಬಣ್ಣದ ಚಿತ್ರಗಳಲ್ಲಿ ಹಸಿರು ಪೈರು ಕೆಂಪಾಗಿ, ನೀರು ಕಪ್ಪು ಅಥವಾ ಕಡುನೀಲಿಯಾಗಿ ಕಾಣುವುದರಿಂದ ನಾಲೆಯ ಬಯಲಿಗೂ ಪೂರ್ವದ ಒಣ ದಿಣ್ಣೆಗಳಿಗೂ ಇರುವ ಗಡಿ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಅಂತರ್ಜಲ, ಬರಡು ಭೂಮಿ, ಮಣ್ಣಿನ ಸವಕಳಿ, ನೀರು ನಿಂತು ಜೌಗಾಗುವ ಗದ್ದೆ, ಒತ್ತುವರಿಯಾದ ಕೆರೆ ಇವುಗಳನ್ನು ಗುರುತಿಸಲು ಉಪಗ್ರಹ ಚಿತ್ರವನ್ನು ಹಳೆಯ ಸ್ಥಳ ನಕ್ಷೆಯ ಮೇಲೆ ಹೊಂದಿಸಿ ಭೌಗೋಳಿಕ ಮಾಹಿತಿ ವ್ಯವಸ್ಥೆಯಲ್ಲಿ ಹೋಲಿಸುವುದು ಈಗಿನ ರೂಢಿ. ಎರಡು ಹಾಳೆಗಳೂ ಸರಿಯಾಗಿ ಕೂಡಬೇಕಾದರೆ ಎರಡರಲ್ಲೂ ಇರುವ ಸ್ಥಿರ ಬಿಂದುಗಳು ಬೇಕು: ಬೆಟ್ಟದ ತುದಿ, ಕೆರೆಯ ಏರಿ, ದಾರಿಗಳು ಕೂಡುವ ಜಾಗ. ಮೆಕೆಂಜಿಯ ಹುಡುಗರು ಪ್ಲೇನ್ ಟೇಬಲ್ಲಿಗೆ ಆರಿಸಿಕೊಳ್ಳುತ್ತಿದ್ದುದೂ ಹೆಚ್ಚಾಗಿ ಇಂಥ ಗುರುತುಗಳನ್ನೇ. ಕೆರೆ ಬತ್ತಿದ್ದನ್ನು ಚಿತ್ರ ತೋರಿಸುತ್ತದೆ. ತೂಬು ಮುಚ್ಚಿಹೋದದ್ದರಿಂದಲೋ, ಮೇಲಿನ ಕಾಲುವೆ ಕಟ್ಟಿದ್ದರಿಂದಲೋ ಎಂಬುದಕ್ಕೆ ಈಗಲೂ ಆ ಊರಿಗೇ ಹೋಗಿ ಕೇಳಬೇಕು.

ಭಾವಚಿತ್ರ

ಚಿತ್ರಕಾರ ಥಾಮಸ್ ಹಿಕ್ಕಿ ೧೮೧೬ರಲ್ಲಿ ಮದರಾಸಿನಲ್ಲಿ ಬರೆದ ಮೆಕೆಂಜಿಯ ತೈಲಚಿತ್ರ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಕೆಂಪು ಸಮವಸ್ತ್ರದ ಮೆಕೆಂಜಿಯ ಜೊತೆ ಮೂವರು ದೇಶೀಯ ಸಹಾಯಕರು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ತಾಳೆಗರಿ, ಇನ್ನೊಬ್ಬನ ಕೈಯಲ್ಲಿ ದೂರದರ್ಶಕ. ಹಿನ್ನೆಲೆಯ ಬೆಟ್ಟದ ಮೇಲೆ ಕಾಣುವ ಗೊಮ್ಮಟನನ್ನು ಸಾಮಾನ್ಯವಾಗಿ ಕಾರ್ಕಳದ ಮೂರ್ತಿಯೆಂದು ಗುರುತಿಸುತ್ತಾರೆ.